ಅಚ್ಚಿಗೆ ಮೊದಲು ಓದುಗ



ಕನ್ನಡದಲ್ಲಿ ತನ್ನ ಮೊದಲ ಪುಸ್ತಕವನ್ನು ಹೊರತರಲು ಹೊರಟ ಯುವ ಲೇಖಕನಿಗೆ ಇಂದು ಅಚ್ಚು ಎಂಬುದು ದೊಡ್ಡ ಸಮಸ್ಯೆಯಲ್ಲ. ಕೆಲವು ದಶಕಗಳ ಹಿಂದೆ ಹಾಗಿರಲಿಲ್ಲ. ಒಂದು ಪುಸ್ತಕವೆಂದರೆ ಕನಿಷ್ಠ ಸಾವಿರ ಪ್ರತಿ ಎಂಬ ಲೆಕ್ಕವಿತ್ತು. ಅಷ್ಟು ಕಾಗದಕ್ಕೆ, ಅಷ್ಟು ಮೊಳೆ ಜೋಡಣೆಗೆ ಹಣ ಹೂಡುವ ಪ್ರಕಾಶಕನ ಕೃಪೆಗಾಗಿ ಹೊಸ ಲೇಖಕ ವರ್ಷಗಟ್ಟಲೆ ಕಾಯಬೇಕಿತ್ತು. ಇಂದು ನೂರು ಪ್ರತಿ ಬೇಕೆಂದರೆ ನೂರು, ಐವತ್ತು ಬೇಕೆಂದರೆ ಐವತ್ತು ಅಚ್ಚು ಹಾಕಿಕೊಡುವ ಯಂತ್ರಗಳು ಬಂದಿವೆ. ಹಸ್ತಪ್ರತಿ ಕೊಟ್ಟ ಕೆಲವೇ ದಿನಗಳಲ್ಲಿ ಪುಸ್ತಕ ಕೈಗೆ ಬರುತ್ತದೆ.

ಆದರೂ ಹೊಸ ಲೇಖಕರ ದೂರು ನಿಂತಿಲ್ಲ, ಅದರ ಸ್ವರೂಪವಷ್ಟೇ ಬದಲಾಗಿದೆ. ಹಿಂದೆ 'ಪುಸ್ತಕ ಬರಲಿಲ್ಲ' ಎನ್ನುತ್ತಿದ್ದವರು ಈಗ 'ಪುಸ್ತಕ ಬಂತು, ಓದುಗ ಬರಲಿಲ್ಲ' ಎನ್ನುತ್ತಾರೆ. ಬಿಡುಗಡೆ ಸಮಾರಂಭ ಮುಗಿದ ಮೇಲೆ ಮಂಚದ ಕೆಳಗೆ ಸೇರಿದ ರಟ್ಟಿನ ಪೆಟ್ಟಿಗೆಗಳು ಎಷ್ಟೋ ಮನೆಗಳಲ್ಲಿವೆ. ಅವುಗಳಲ್ಲಿ ಲೇಖಕನ ಉಳಿತಾಯವೂ ಇದೆ, ಎರಡನೆಯ ಪುಸ್ತಕ ಬರೆಯುವ ಉತ್ಸಾಹವೂ ಇದೆ.

ಪ್ರಕಾಶನ ಲೋಕ ಬದಲಾಗುತ್ತಿರುವಾಗ ಹೊಸ ಲೇಖಕ ದಾರಿ ಕಂಡುಕೊಳ್ಳುವುದು ಹೇಗೆ? ಇದಕ್ಕೆ ಉತ್ತರ ಹುಡುಕಲು ಕನ್ನಡ ಪುಸ್ತಕದ ಇತಿಹಾಸವನ್ನು ಒಮ್ಮೆ ತಿರುವಿ ನೋಡುವುದು ಉಪಯುಕ್ತ. ಆ ಇತಿಹಾಸ ಹೇಳುವ ಮಾತು ಒಂದೇ. ಅಚ್ಚಿನ ತಂತ್ರ ಎಷ್ಟು ಸಲ ಬದಲಾದರೂ ಗೆದ್ದವರು ಮುದ್ರಕನನ್ನು ಹುಡುಕುವ ಮೊದಲು ಓದುಗನನ್ನು ಕಂಡುಕೊಂಡವರು.

ತಲೆಯ ಮೇಲೆ ಪುಸ್ತಕದ ಗಂಟು

ಕನ್ನಡದ ಆರಂಭದ ಅಚ್ಚು ಮಿಷನರಿಗಳ ಕೆಲಸ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ದೂರದ ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚಾಯಿತು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಆರಂಭವಾಯಿತು. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಮುದ್ರಣಗೊಂಡಿತು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಪ್ರಕಟವಾಯಿತು. ಈ ಕೆಲಸಗಳ ಹಿಂದೆ ಸಂಸ್ಥೆಯ ಹಣವಿತ್ತು, ಸಂಸ್ಥೆಗೆ ಅದರದೇ ಉದ್ದೇಶವಿತ್ತು. ಪುಸ್ತಕ ಮಾರಾಟವಾಗದಿದ್ದರೆ ಬರೆದವನು ಸಾಲಗಾರನಾಗುವ ಭಯ ಇರಲಿಲ್ಲ.

ಅಂಥ ಬೆಂಬಲವಿಲ್ಲದ ಕನ್ನಡ ಲೇಖಕನ ಕಥೆ ಬೇರೆ. ಅದಕ್ಕೆ ಉತ್ತಮ ಉದಾಹರಣೆ ಗಳಗನಾಥರು. 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಊರಿನ ಹೆಸರಿನಿಂದಲೇ ಪ್ರಸಿದ್ಧರಾದರು. ಶಿಕ್ಷಕ ವೃತ್ತಿಯಲ್ಲಿದ್ದ ಅವರು ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯ ಮೂಲಕ ಉತ್ತರ ಕರ್ನಾಟಕದ ಮನೆಮನೆಗಳನ್ನು ತಲುಪಿದರು. ಪತ್ರಿಕೆಯಲ್ಲಿ ಕಾದಂಬರಿಯ ರುಚಿ ಹತ್ತಿಸಿದರು. ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಓದುವ ಅಭ್ಯಾಸವೇ ಕಡಿಮೆಯಿದ್ದ, ಮರಾಠಿಯ ಪ್ರಭಾವ ಗಾಢವಾಗಿದ್ದ ಪ್ರದೇಶದಲ್ಲಿ ಅವರು ಪುಸ್ತಕ ಬರೆದಷ್ಟೇ ಶ್ರಮದಿಂದ ಓದುಗರನ್ನೂ ಸೃಷ್ಟಿಸಿದರು.

ದಕ್ಷಿಣ ಕನ್ನಡದಲ್ಲಿ ಶಿವರಾಮ ಕಾರಂತರು ಇನ್ನೊಂದು ಬಗೆಯ ಪ್ರಯೋಗ ಮಾಡಿದರು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವಿಟ್ಟು ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ಇಂದು 'ಸ್ವಯಂ ಪ್ರಕಾಶನ' ಎಂಬ ಹೊಸ ಹೆಸರಿನಲ್ಲಿ ನಡೆಯುವ ಕೆಲಸ ಕನ್ನಡಕ್ಕೆ ಹೊಸದಲ್ಲ. ಲೇಖಕನೇ ಪ್ರಕಾಶಕನಾದರೆ ನಾಚಿಕೆಯೇನೂ ಇಲ್ಲ. ಆದರೆ ಹಾಗೆ ಹೊರಟವನು ಪ್ರಕಾಶಕನ ಎಲ್ಲ ಕೆಲಸಗಳನ್ನೂ ಮಾಡಬೇಕಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಚಂದಾದಾರರ ಬಲ

ಧಾರವಾಡದಲ್ಲಿ 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಮೂರನೆಯ ದಾರಿ ತೋರಿಸಿತು. 'ಜಡಭರತ' ಎಂದು ಹೆಸರಾದ ಜಿ.ಬಿ. ಜೋಶಿ ಮತ್ತು ಗೆಳೆಯರು ಕಟ್ಟಿದ ಈ ಸಂಸ್ಥೆಯ ತಳಹದಿ ಚಂದಾದಾರರು. ವರ್ಷದ ಚಂದಾ ಕೊಟ್ಟವರಿಗೆ ಆ ವರ್ಷದ ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು. ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಇಂತಿಷ್ಟು ಪ್ರತಿಗೆ ಓದುಗರಿದ್ದಾರೆ ಎಂಬ ಖಾತರಿ ಪ್ರಕಾಶಕನಿಗಿತ್ತು.

ಈ ಖಾತರಿಯಿಂದ ಆದ ಲಾಭ ಹಣದ್ದು ಮಾತ್ರವಲ್ಲ. ಹೆಸರಿಲ್ಲದ ಲೇಖಕನನ್ನು ನಂಬುವ ಧೈರ್ಯವನ್ನು ಅದು ಪ್ರಕಾಶಕನಿಗೆ ಕೊಟ್ಟಿತು. ಇಪ್ಪತ್ತರ ಹರೆಯದ ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಪ್ರಕಟವಾದದ್ದು ಇದೇ ಗ್ರಂಥಮಾಲೆಯಿಂದ. ಯಾರು ಬರೆದರು ಎನ್ನುವುದಕ್ಕಿಂತ ಯಾರು ಆರಿಸಿದರು ಎಂಬುದನ್ನು ನಂಬಿ ಓದುವ ಚಂದಾದಾರರಿದ್ದರೆ ಹೊಸಬರಿಗೂ ಜಾಗವಿರುತ್ತದೆ.

ನಂತರದ ದಶಕಗಳಲ್ಲಿ ಈ ಕೆಲಸದ ದೊಡ್ಡ ಪಾಲನ್ನು ನಿಯತಕಾಲಿಕಗಳು ವಹಿಸಿಕೊಂಡವು. 'ಕಸ್ತೂರಿ' 1956ರಲ್ಲಿ, 'ಸುಧಾ' 1965ರಲ್ಲಿ, 'ಮಯೂರ' 1968ರಲ್ಲಿ, 'ತರಂಗ' 1983ರಲ್ಲಿ ಬಂದವು. ವಾರ ವಾರ ಧಾರಾವಾಹಿಯಾಗಿ ಓದಿಸಿಕೊಂಡ ಕಾದಂಬರಿಗೆ ಪುಸ್ತಕವಾಗುವ ಹೊತ್ತಿಗೆ ಸಾವಿರಾರು ಓದುಗರು ಇರುತ್ತಿದ್ದರು. ಬೀದಿಗೊಂದರಂತೆ ಇದ್ದ ಬಾಡಿಗೆ ವಾಚನಾಲಯಗಳು ಆ ಕಾದಂಬರಿಗಳನ್ನು ಕೊಳ್ಳುತ್ತಿದ್ದವು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಫಲವಾಗಿ ಬೆಳೆದ ಸರ್ಕಾರಿ ಗ್ರಂಥಾಲಯಗಳೂ ಖರೀದಿದಾರರಾದವು. ಅನಕೃ, ತ.ರಾ.ಸು., ತ್ರಿವೇಣಿ ಮೊದಲಾದವರ ಜನಪ್ರಿಯತೆಯ ಹಿಂದೆ ಅವರ ಪ್ರತಿಭೆಯ ಜೊತೆಗೆ ಹೀಗೆ ಪುಸ್ತಕ ಕೈಯಿಂದ ಕೈಗೆ ಸಾಗುವ ವ್ಯವಸ್ಥೆಯೂ ಇತ್ತು.

ಈಗ ಬದಲಾಗಿರುವುದೇನು?

ಈ ವ್ಯವಸ್ಥೆಯ ಕೊಂಡಿಗಳು ಒಂದೊಂದಾಗಿ ಸಡಿಲವಾಗಿವೆ. ದೂರದರ್ಶನ ಮನೆಗೆ ಬಂದ ಮೇಲೆ ಬಾಡಿಗೆ ವಾಚನಾಲಯಗಳು ಬಹುಮಟ್ಟಿಗೆ ಮುಚ್ಚಿದವು. ವಾರಪತ್ರಿಕೆಗಳ ಪುಟ ಕಡಿಮೆಯಾಯಿತು, ಧಾರಾವಾಹಿಗಳ ಸಂಖ್ಯೆಯೂ ಇಳಿಯಿತು. ಸರ್ಕಾರದ ಸಗಟು ಖರೀದಿಯನ್ನೇ ನೆಚ್ಚಿಕೊಂಡ ಪ್ರಕಾಶಕರು ಖರೀದಿ ತಡವಾಗುತ್ತದೆ, ಪುಟವಾರು ದರ ಸಾಲದು ಎಂದು ಮತ್ತೆ ಮತ್ತೆ ಮನವಿ ಸಲ್ಲಿಸುತ್ತ ಬಂದಿದ್ದಾರೆ. 2017ರಲ್ಲಿ ಬಂದ ಸರಕು ಮತ್ತು ಸೇವಾ ತೆರಿಗೆಯಿಂದ ಮುದ್ರಿತ ಪುಸ್ತಕಕ್ಕೆ ವಿನಾಯಿತಿ ಸಿಕ್ಕಿತು ನಿಜ. ಆದರೆ ಅಚ್ಚಿನ ಕಾಗದಕ್ಕೆ, ಮುದ್ರಣಕ್ಕೆ ಕೊಟ್ಟ ತೆರಿಗೆಯನ್ನು ಪ್ರಕಾಶಕ ಹಿಂಪಡೆಯಲಾಗದು. ಆ ಭಾರ ಪುಸ್ತಕದ ಬೆಲೆಗೇ ಸೇರುತ್ತದೆ.

ಇನ್ನೊಂದು ಕಡೆ ಅಚ್ಚಿನ ಕೆಲಸ ಹಗುರವಾಗಿದೆ. ಮೊಳೆ ಜೋಡಣೆಯ ಜಾಗಕ್ಕೆ ಕಂಪ್ಯೂಟರ್ ಬಂತು, ಆಫ್‌ಸೆಟ್ ಬಂತು, ಬೇಡಿಕೆ ಬಂದಷ್ಟೇ ಮುದ್ರಿಸುವ ಡಿಜಿಟಲ್ ಯಂತ್ರವೂ ಬಂತು. ಕಾಗದವೇ ಬೇಡದ ಇ-ಪುಸ್ತಕ, ಕಿವಿಯಿಂದ ಓದುವ ಆಡಿಯೋ ಪುಸ್ತಕಗಳು ಬಂದವು. ಇಲ್ಲಿಯೂ ಕನ್ನಡದ ದಾರಿ ಸುಗಮವಾಗಿರಲಿಲ್ಲ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಸಂಸ್ಥೆಯ ಕಿಂಡಲ್ ಐದು ಭಾರತೀಯ ಭಾಷೆಗಳ ಪುಸ್ತಕ ಮಳಿಗೆ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಆ ಕೊರತೆಯನ್ನು ತುಂಬಲು ಕನ್ನಡಿಗರೇ ಮೈಲ್ಯಾಂಗ್‌ನಂಥ ವೇದಿಕೆಗಳನ್ನು ಕಟ್ಟಿಕೊಂಡರು. ಬೆಂಗಳೂರಿನಲ್ಲಿ ನೆಲೆಗೊಂಡ ಪ್ರತಿಲಿಪಿಯಲ್ಲಿ ಕನ್ನಡದ ಧಾರಾವಾಹಿ ಕಥೆಗಳು ಮೊಬೈಲ್ ಫೋನಿಗೆ ಬರುತ್ತವೆ. ವಾರಪತ್ರಿಕೆಯ ಧಾರಾವಾಹಿ ಸತ್ತಿಲ್ಲ, ಮನೆ ಬದಲಾಯಿಸಿದೆ ಎನ್ನಬಹುದು.

ಇವೆಲ್ಲದರ ನಡುವೆ ನಿಜವಾಗಿ ಬದಲಾದದ್ದು ಹಣದ ಹೊರೆ ಹೊರುವವನು. ಹಿಂದೆ ಪುಸ್ತಕ ಸೋತರೆ ಪ್ರಕಾಶಕ ಸೋಲುತ್ತಿದ್ದ. ಅದಕ್ಕಾಗಿಯೇ ಆತ ಹಸ್ತಪ್ರತಿಯನ್ನು ಓದಿಸುತ್ತಿದ್ದ, ತಿದ್ದಿಸುತ್ತಿದ್ದ, ಬೇಡವಾದದ್ದನ್ನು ಮರಳಿಸುತ್ತಿದ್ದ. ಈಗ ಲೇಖಕನಿಂದಲೇ ಹಣ ಪಡೆದು ಅಚ್ಚು ಹಾಕಿಕೊಡುವವರು ಹೆಚ್ಚಿದ್ದಾರೆ. ಅವರಿಗೆ ಪುಸ್ತಕ ಮಾರಾಟವಾಗಲೇಬೇಕಾದ ಅಗತ್ಯವಿಲ್ಲ. ಲಾಭ ಮೊದಲ ದಿನವೇ ಬಂದಿರುತ್ತದೆ. ಹೊಸ ಲೇಖಕ ಕೇಳಬೇಕಾದ ಮೊದಲ ಪ್ರಶ್ನೆ ಇದು: ಈ ಪುಸ್ತಕ ಮಾರಾಟವಾಗದಿದ್ದರೆ ನಷ್ಟ ಯಾರದು? ಉತ್ತರ 'ಲೇಖಕನದು' ಎಂದಾದರೆ ಎದುರಿಗಿರುವವರನ್ನು ಪ್ರಕಾಶಕರೆನ್ನುವುದಕ್ಕಿಂತ ಮುದ್ರಕರೆನ್ನುವುದೇ ಸರಿ. ಮುದ್ರಕರ ಜೊತೆ ವ್ಯವಹರಿಸುವುದು ತಪ್ಪಲ್ಲ. ಅವರನ್ನು ಪ್ರಕಾಶಕರೆಂದು ತಿಳಿಯುವುದು ತಪ್ಪು.

ಸ್ವಲ್ಪ ಲೆಕ್ಕ

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಪುಸ್ತಕದ ಬೆಲೆ 200 ರೂಪಾಯಿ, ಅಚ್ಚಾದದ್ದು 500 ಪ್ರತಿ, ಪ್ರತಿಯೊಂದಕ್ಕೆ ತಗಲುವ ವೆಚ್ಚ 70 ರೂಪಾಯಿ ಎಂದಿಟ್ಟುಕೊಳ್ಳೋಣ. ಅಲ್ಲಿಗೆ ಹೂಡಿಕೆ 35,000 ರೂಪಾಯಿ. ಅಂಗಡಿಗೂ ವಿತರಕನಿಗೂ ಸೇರಿ ಶೇ. 40 ರಿಯಾಯಿತಿ ಹೋದರೆ ಪ್ರಕಾಶಕನ ಕೈಗೆ ಪ್ರತಿಗೆ 120 ರೂಪಾಯಿ ಬರುತ್ತದೆ. ಲೇಖಕನ ಗೌರವಧನ ಶೇ. 10, ಅಂದರೆ 20 ರೂಪಾಯಿ. ಐನೂರೂ ಮಾರಾಟವಾದರೆ ಲೇಖಕನಿಗೆ 10,000 ರೂಪಾಯಿ, ಪ್ರಕಾಶಕನಿಗೆ 15,000 ರೂಪಾಯಿ. ಪ್ರಕಾಶಕ ಇದರಲ್ಲಿ ಅಂಚೆ, ಬಾಡಿಗೆ, ಸಂಬಳ ನೋಡಿಕೊಳ್ಳಬೇಕು. ಮುನ್ನೂರೇ ಮಾರಾಟವಾದರೆ ಪ್ರಕಾಶಕನಿಗೆ 5,000 ರೂಪಾಯಿ ನಷ್ಟ. ಹೊಸಬರ ಹಸ್ತಪ್ರತಿ ಕಂಡರೆ ಪ್ರಕಾಶಕ ಏಕೆ ಹಿಂಜರಿಯುತ್ತಾನೆ ಎಂಬುದಕ್ಕೆ ದುರಹಂಕಾರ ಕಾರಣವಲ್ಲ, ಈ ಲೆಕ್ಕ ಕಾರಣ.

ಲೇಖಕನೇ 35,000 ರೂಪಾಯಿ ಹಾಕಿ ಅದೇ ಪುಸ್ತಕವನ್ನು ಅಚ್ಚು ಮಾಡಿಸಿದರೆ? ಪೂರ್ತಿ ಬೆಲೆಗೆ ಕೈಯಿಂದ ಕೈಗೆ ಮಾರಿದರೆ 175 ಪ್ರತಿಗೆ ಅಸಲು ಬರುತ್ತದೆ. ಅಂಗಡಿಗಳ ಮೂಲಕ ಹೋದರೆ 292 ಪ್ರತಿ ಬೇಕು. ಇಲ್ಲಿ ಮನೋಹರ ಗ್ರಂಥಮಾಲೆಯ ಪಾಠ ನೆನಪಾಗಬೇಕು. ಅಚ್ಚಿಗೆ ಮೊದಲೇ ಪ್ರಕಟಣಪೂರ್ವ ಬೆಲೆಯಾಗಿ 150 ರೂಪಾಯಿಯಂತೆ ಇನ್ನೂರು ಓದುಗರಿಂದ ಪಡೆದರೆ 30,000 ರೂಪಾಯಿ ಕೂಡುತ್ತದೆ. ಇನ್ನೂರು ಜನ ಸಿಗದಿದ್ದರೆ ಅದೂ ಒಂದು ಮುನ್ಸೂಚನೆಯೇ. ಆಗ ಐನೂರರ ಬದಲು ನೂರು ಪ್ರತಿ ಹಾಕಿಸಬಹುದು, ಅಥವಾ ಕಥೆಗಳನ್ನು ಇನ್ನೊಂದಷ್ಟು ಕಾಲ ಪತ್ರಿಕೆಗಳಿಗೆ ಕಳಿಸುತ್ತ ಕಾಯಬಹುದು.

ಸ್ವಂತ ಪ್ರಕಾಶನಕ್ಕೆ ಇಳಿದವರು ತಿಳಿದಿರಬೇಕಾದ ಇನ್ನೆರಡು ಸಂಗತಿಗಳಿವೆ. ಪುಸ್ತಕದ ಬೆನ್ನ ಮೇಲೆ ಕಾಣುವ ಐಎಸ್‌ಬಿಎನ್ ಎಂಬ ಹದಿಮೂರು ಅಂಕಿಗಳ ಸಂಖ್ಯೆ ಭಾರತದಲ್ಲಿ ಉಚಿತ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಕೊಡುತ್ತದೆ. ಅದು ಗುರುತಿನ ಸಂಖ್ಯೆಯಷ್ಟೇ, ಗುಣಮಟ್ಟದ ಮುದ್ರೆಯಲ್ಲ. ಅದರ ಹೆಸರಿನಲ್ಲಿ ದೊಡ್ಡ ಮೊತ್ತ ಕೇಳುವವರ ಬಗ್ಗೆ ಎಚ್ಚರ ಬೇಕು. ಹಾಗೆಯೇ 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ಪ್ರಕಟವಾದ ಮೂವತ್ತು ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರಕಾಶಕ ಒಂದೊಂದು ಪ್ರತಿ ಕಳಿಸಬೇಕು.

ಬಾಯಿಮಾತು ಸಾಲದು

ಕನ್ನಡದಲ್ಲಿ ಲೇಖಕ–ಪ್ರಕಾಶಕರ ಸಂಬಂಧ ಬಹುಕಾಲ ಸ್ನೇಹದ ಮೇಲೆ, ಬಾಯಿಮಾತಿನ ಮೇಲೆ ನಡೆಯಿತು. ಅದರಲ್ಲಿ ಸೊಗಸೂ ಇತ್ತು. ಗೌರವಧನದ ಬದಲು ಇಪ್ಪತ್ತೈದೋ ಐವತ್ತೋ ಪ್ರತಿ ಕೊಟ್ಟರೆ ಸಂತೋಷಪಟ್ಟ ಲೇಖಕರಿದ್ದಾರೆ. ಆದರೆ ಪುಸ್ತಕವೊಂದು ಕಾಗದದಿಂದ ಇ-ಪುಸ್ತಕಕ್ಕೆ, ಧ್ವನಿಗೆ, ಅನುವಾದಕ್ಕೆ, ತೆರೆಗೆ ಹೋಗಬಹುದಾದ ಈ ಕಾಲದಲ್ಲಿ ಬಾಯಿಮಾತು ಇಬ್ಬರಿಗೂ ಅಪಾಯ.

1957ರ ಹಕ್ಕುಸ್ವಾಮ್ಯ ಕಾಯ್ದೆ ಸಾಮಾನ್ಯವಾಗಿ ಲೇಖಕನ ಪರವಾಗಿದೆ. ಓದುವವರು ಕಡಿಮೆ ಅಷ್ಟೆ. ಬರೆದವನೇ ಕೃತಿಯ ಮೊದಲ ಒಡೆಯ. ನೋಂದಣಿ ಕಡ್ಡಾಯವಲ್ಲ. ಲೇಖಕನ ಜೀವಿತಕಾಲಕ್ಕೂ ಆನಂತರದ ಅರವತ್ತು ವರ್ಷಕ್ಕೂ ಹಕ್ಕು ಇರುತ್ತದೆ. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ ಎಂಬುದನ್ನು ಹೇಳಬೇಕು. ಕಾಲ ಹೇಳದಿದ್ದರೆ ಐದು ವರ್ಷ ಎಂದೂ ಪ್ರದೇಶ ಹೇಳದಿದ್ದರೆ ಭಾರತ ಎಂದೂ ಕಾಯ್ದೆ ಅರ್ಥೈಸುತ್ತದೆ. ಹಕ್ಕು ಪಡೆದವನು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಅದು ರದ್ದಾಗುತ್ತದೆ. 2012ರ ತಿದ್ದುಪಡಿ ಇನ್ನೊಂದು ರಕ್ಷಣೆ ಕೊಟ್ಟಿತು. ಒಪ್ಪಂದದ ಕಾಲಕ್ಕೆ ಬಳಕೆಯಲ್ಲಿಲ್ಲದ ಮಾಧ್ಯಮಕ್ಕೆ, ಅದನ್ನು ಹೆಸರಿಸಿ ಹೇಳಿರದಿದ್ದರೆ, ಆ ಒಪ್ಪಂದ ಅನ್ವಯಿಸುವುದಿಲ್ಲ.

ಇದರಿಂದ ಹೊಸ ಲೇಖಕ ಕಲಿಯಬೇಕಾದದ್ದು ಸರಳ. ಕನ್ನಡದ ಮುದ್ರಿತ ಆವೃತ್ತಿಯ ಹಕ್ಕನ್ನು ಇಷ್ಟು ವರ್ಷಕ್ಕೆಂದು ಕೊಡಬಹುದು. ಅನುವಾದ, ಚಲನಚಿತ್ರ, ಆಡಿಯೋ ಮುಂತಾದವು ಬೇರೆ ಬೇರೆ ಹಕ್ಕುಗಳು. ಅವುಗಳನ್ನು ಒಂದೇ ಸಾಲಿನಲ್ಲಿ 'ಎಲ್ಲ ಹಕ್ಕುಗಳೂ' ಎಂದು ಬರೆದುಕೊಡಬಾರದು. ಎಂ.ಕೆ. ಇಂದಿರಾ ಅವರ 'ಗೆಜ್ಜೆಪೂಜೆ' 1969ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರವಾಯಿತು. ಕಾದಂಬರಿಯೊಂದಕ್ಕೆ ಪುಸ್ತಕದ ಹೊರಗೂ ಬದುಕಿದೆ ಎಂಬುದು ಕನ್ನಡಿಗರಿಗೆ ಹಳೆಯ ಸಂಗತಿಯೇ.

ನೆರೆಯ ಕೇರಳದಲ್ಲಿ ಲೇಖಕರು ಈ ಪ್ರಶ್ನೆಯನ್ನು ಒಟ್ಟಾಗಿ ಎದುರಿಸಿದರು. 1945ರಲ್ಲಿ ಕೋಟ್ಟಯಂನಲ್ಲಿ ಹನ್ನೆರಡು ಲೇಖಕರು 120 ರೂಪಾಯಿ ಬಂಡವಾಳದಿಂದ ಸಾಹಿತ್ಯ ಪ್ರವರ್ತಕ ಸಹಕಾರ ಸಂಘ ಕಟ್ಟಿ, ಶೇ. 30ರಷ್ಟು ಗೌರವಧನ ಕೊಟ್ಟರು. ಒಬ್ಬೊಬ್ಬನೇ ಚೌಕಾಸಿ ಮಾಡಲಾಗದ್ದನ್ನು ಸಂಘ ಸಾಧಿಸಿತು.

ಹಸ್ತಪ್ರತಿಯನ್ನು ಯಾರು ಓದಿದ್ದಾರೆ?

ದಾರಿ ತೋರುವ ಬಾಗಿಲುಗಳು ಕನ್ನಡದಲ್ಲಿ ಇಲ್ಲದಿಲ್ಲ. 1993ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತ ಬಂದಿದೆ. ಕಥೆಗಾರ ವಸುಧೇಂದ್ರ ಕಟ್ಟಿದ ಛಂದ ಪುಸ್ತಕ, ಇನ್ನೂ ಸಂಕಲನ ತಾರದ ಕಥೆಗಾರರ ಹಸ್ತಪ್ರತಿಗಳಿಗಾಗಿ ಸ್ಪರ್ಧೆ ನಡೆಸಿ, ಆಯ್ಕೆಯಾದದ್ದನ್ನು ಪ್ರಕಟಿಸುವ ಪದ್ಧತಿ ಆರಂಭಿಸಿತು. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳು ಎಷ್ಟೋ ಹೆಸರುಗಳನ್ನು ಬೆಳಕಿಗೆ ತಂದಿವೆ. ಇವೆಲ್ಲದರ ಮಹತ್ವ ಬಹುಮಾನದ ಮೊತ್ತದಲ್ಲಿಲ್ಲ. ಲೇಖಕನ ಪರಿಚಯವೇ ಇಲ್ಲದ ಒಬ್ಬರು ಹಸ್ತಪ್ರತಿಯನ್ನು ಪೂರ್ತಿ ಓದುತ್ತಾರೆ ಎಂಬುದರಲ್ಲಿದೆ.

ಸ್ನೇಹಿತರ ಮೆಚ್ಚುಗೆ ಸುಲಭವಾಗಿ ಸಿಗುತ್ತದೆ. ಈ ಪುಟ ಬೇಡ, ಈ ಕಥೆ ಇಲ್ಲಿಗೇ ಮುಗಿಯಲಿ ಎನ್ನುವ ಓದುಗ ಸಿಗುವುದು ಕಷ್ಟ. ಅಚ್ಚು ದುಬಾರಿಯಾಗಿದ್ದ ಕಾಲದಲ್ಲಿ ಆ ಕೆಲಸವನ್ನು ಪ್ರಕಾಶಕ ತನ್ನ ಸ್ವಾರ್ಥಕ್ಕಾಗಿಯಾದರೂ ಮಾಡುತ್ತಿದ್ದ. ಅಚ್ಚು ಅಗ್ಗವಾದಾಗ ಮೊದಲು ಕಣ್ಮರೆಯಾದವನು ಆ ನಿಷ್ಠುರ ಓದುಗ. ಹಾಗಾಗಿ ಖರ್ಚು ಮಾಡುವುದಿದ್ದರೆ ಮುಖಪುಟಕ್ಕೆ, ಬಿಡುಗಡೆ ಸಮಾರಂಭಕ್ಕೆ ಮಾಡುವ ಮೊದಲು ಒಳ್ಳೆಯ ಸಂಪಾದಕನಿಗೆ, ಕರಡು ತಿದ್ದುವವನಿಗೆ ಮಾಡುವುದು ವಿವೇಕ. ಸಣ್ಣದೆನಿಸುವ ಇನ್ನೊಂದು ಮಾತು: ಹಸ್ತಪ್ರತಿಯನ್ನು ಯೂನಿಕೋಡ್‌ನಲ್ಲಿ ಸಿದ್ಧಪಡಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ಫಾಂಟುಗಳಲ್ಲಿರುವ ಕಡತ ಇ-ಪುಸ್ತಕವಾಗುವಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ ಮತ್ತೆ ತಿದ್ದುವ ಕೆಲಸ ಬೀಳುತ್ತದೆ.

ಹಾಸನದಿಂದ ಶೆಫೀಲ್ಡ್‌ಗೆ

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕನ್ನಡ ನಾಡು ಸಂಭ್ರಮಿಸಿತು. ಕನ್ನಡಕ್ಕೆ ಇದು ಮೊದಲು. ಸಣ್ಣಕಥೆಗಳ ಸಂಕಲನಕ್ಕೂ ಮೊದಲು. 1990ರಿಂದ 2023ರವರೆಗೆ ಬರೆದ ಕಥೆಗಳಿಂದ ಹನ್ನೆರಡನ್ನು ಆರಿಸಿ ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಪ್ರಶಸ್ತಿಯ 50,000 ಪೌಂಡ್ ಲೇಖಕಿಗೂ ಅನುವಾದಕಿಗೂ ಸಮಪಾಲು. ಅನುವಾದದ ಹಕ್ಕು ಪ್ರತ್ಯೇಕವೆಂದು ತಿಳಿದಿರಬೇಕಾದ ಕಾರಣಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಈ ಸುದ್ದಿಯಲ್ಲಿ ಹೆಚ್ಚು ಚರ್ಚೆಯಾಗದ ಸಂಗತಿಯೊಂದಿದೆ. ಪುಸ್ತಕವನ್ನು ಬ್ರಿಟನ್ನಿನಲ್ಲಿ ಪ್ರಕಟಿಸಿದ್ದು ಲಂಡನ್ನಿನ ದೊಡ್ಡ ಕಂಪೆನಿಯಲ್ಲ. ಶೆಫೀಲ್ಡ್ ನಗರದ 'ಅಂಡ್ ಅದರ್ ಸ್ಟೋರೀಸ್' ಎಂಬ ಸಣ್ಣ ಪ್ರಕಾಶನ. ಆ ಸಂಸ್ಥೆ ನಿಂತಿರುವುದರಲ್ಲಿ ಚಂದಾದಾರರ ಪಾಲು ದೊಡ್ಡದು. ಅವರು ಮುಂಗಡ ಹಣ ಕಟ್ಟುತ್ತಾರೆ, ಪುಸ್ತಕಗಳು ಮನೆಗೆ ಬರುತ್ತವೆ, ಅವರ ಹೆಸರುಗಳು ಪುಸ್ತಕದ ಕೊನೆಯಲ್ಲಿ ಅಚ್ಚಾಗುತ್ತವೆ. 1933ರಲ್ಲಿ ಧಾರವಾಡದಲ್ಲಿ ನಡೆದ ಪ್ರಯೋಗಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಎರಡರ ಹಿಂದಿನ ತಿಳಿವಳಿಕೆ ಒಂದೇ. ದೊಡ್ಡ ಮಾರುಕಟ್ಟೆ ಕಣ್ಣೆತ್ತಿ ನೋಡದ ಪುಸ್ತಕವನ್ನು ಕೆಲವು ನೂರು ನಿಷ್ಠ ಓದುಗರು ಬದುಕಿಸಬಲ್ಲರು.

ಆದ್ದರಿಂದ ಹೊಸ ಲೇಖಕರಿಗೆ ಹೇಳಬಹುದಾದ ಮಾತು ಇಷ್ಟು. ಮೊದಲು ಪತ್ರಿಕೆಯಲ್ಲೋ ಮೊಬೈಲ್ ಪರದೆಯಲ್ಲೋ ಊರಿನ ಓದುಗರ ಕೂಟದಲ್ಲೋ ಓದಿಸಿಕೊಳ್ಳಿ. ನಿಷ್ಠುರವಾಗಿ ತಿದ್ದುವ ಒಬ್ಬರನ್ನಾದರೂ ಸಂಪಾದಿಸಿ. ಹಕ್ಕುಗಳನ್ನು ಬರವಣಿಗೆಯಲ್ಲಿ, ಒಂದೊಂದಾಗಿ, ಕಾಲಮಿತಿಯಿಟ್ಟು ಕೊಡಿ. ನಷ್ಟ ಯಾರದೆಂದು ಕೇಳಿ ತಿಳಿದುಕೊಂಡು ಹಣ ಹೂಡಿ. ಕೊಳ್ಳುವವರ ಪಟ್ಟಿಯಲ್ಲಿ ನೂರು ಹೆಸರಿದ್ದರೆ ನೂರು ಪ್ರತಿ ಅಚ್ಚು ಹಾಕಿಸಿ. ನೂರೊಂದನೆಯ ಓದುಗ ಕೇಳಿ ಬಂದಾಗ ಮತ್ತೆ ಅಚ್ಚು ಹಾಕಿಸಲು ಈಗ ಯಂತ್ರಗಳಿವೆ.

ಓದುಗರಿಗೂ ಒಂದು ಮಾತು ಉಳಿದಿದೆ. ಹೊಸ ಲೇಖಕನ ಪುಸ್ತಕವನ್ನು ಗೌರವ ಪ್ರತಿಯಾಗಿ ಪಡೆದು ಕಪಾಟಿನಲ್ಲಿಡುವ ಬದಲು ಹಣ ಕೊಟ್ಟು ಕೊಂಡು, ಓದಿ, ಹೇಗಿದೆಯೆಂದು ಒಂದು ಸಾಲು ಬರೆದು ತಿಳಿಸಿದರೆ, ಗಳಗನಾಥರು ಹೊತ್ತ ಗಂಟಿನ ಭಾರದಲ್ಲಿ ಒಂದು ಪಾಲನ್ನು ಅವರೂ ಹೊತ್ತಂತಾಗುತ್ತದೆ.